ದಿನ ಗೊತ್ತಿರುವ ಹೆರಿಗೆ: ಅತ್ತೆಯರಿಗೂ ಅಮ್ಮಂದಿರಿಗೂ ಒಂದು ಬಹಿರಂಗ ಪತ್ರ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಅಕ್ಕಂದಿರೇ, ಅಮ್ಮಂದಿರೇ,

ಬಸುರಿಯರಿಗೆ ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ಆಶಾ ಹೇಳುತ್ತಾಳೆ, ಅಂಗನವಾಡಿ ಟೀಚರ್ ಹೇಳುತ್ತಾರೆ, ಪಕ್ಕದ ಮನೆಯಾಕೆ ಹೇಳುತ್ತಾಳೆ, ಫೋನಿನೊಳಗಿನ ವಿಡಿಯೊಗಳೂ ಹೇಳುತ್ತವೆ. ಆದರೆ ಆಪರೇಷನ್ ಯಾವತ್ತು, ಯಾರ ಕಾರಿನಲ್ಲಿ ಹೋಗುವುದು, ಜೊತೆಗೆ ಯಾರು ಇರುವುದು, ಬಾಣಂತಿಗೆ ದಿನಕ್ಕೆ ಎಷ್ಟು ಲೋಟ ನೀರು, ಎಷ್ಟನೇ ದಿನಕ್ಕೆ ಅವಳು ಬಿಂದಿಗೆ ಎತ್ತುವುದು ಎನ್ನುವುದನ್ನೆಲ್ಲ ತೀರ್ಮಾನ ಮಾಡುವವರು ಅವರ್‍ಯಾರೂ ಅಲ್ಲ, ನೀವು. ಅದಕ್ಕೇ ಈ ಪತ್ರ ಹುಡುಗಿಯರಿಗಲ್ಲ, ನಿಮಗೆ. ಹಳ್ಳಿಗಳಲ್ಲಿ ನರ್ಸಮ್ಮ ಅನ್ನಿಸಿಕೊಂಡು ಕೆಲಸ ಮಾಡಿ ನಿವೃತ್ತಳಾದವಳು ನಾನು. ಈಗ ಮನೆಯಲ್ಲಿ ಸೊಸೆಯೂ ಇದ್ದಾಳೆ. ನಿಮ್ಮ ಸಾಲಿನಲ್ಲೇ ಕೂತು ಬರೆಯುತ್ತಿದ್ದೇನೆ ಅಂದುಕೊಳ್ಳಿ.

ಬರೆಯುತ್ತಿರುವುದು ಮೊದಲೇ ದಿನ ಗೊತ್ತುಮಾಡಿಕೊಂಡು ಆಗುವ ಸಿಸೇರಿಯನ್ ಬಗ್ಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರು ಹೆರಿಗೆಯಲ್ಲಿ 31.5 ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು. ‘ನಾವೆಲ್ಲ ಮನೇಲೇ ಹೆತ್ವಿ, ಯಾವ್ ಆಪರೇಷನ್ನೂ ಇರ್ನಿಲ್ಲ ಕಣವ್ವ’ ಅನ್ನುತ್ತೀರಿ. ನಿಜ. ಹೆತ್ತು ಉಳಿಯದವರು ಈ ಮಾತು ಹೇಳಲು ಬಂದಿಲ್ಲ, ಅಷ್ಟೆ. ಹಾಗಂತ ಈ 31.5ರಲ್ಲಿ ಎಲ್ಲವೂ ಬೇಕಾಗಿದ್ದವೇ ಎಂದು ಕೇಳಿದರೆ ನಾನು ಹೌದು ಅನ್ನಲಾರೆ. ಡಾಕ್ಟರು ಆಪರೇಷನ್ ಅಂದಾಗ ‘ಯಾಕೆ ಮೇಡಂ?’ ಎಂದು ಕೇಳುವ ಹಕ್ಕು ನಿಮಗಿದೆ. ಮಾಸು ಗರ್ಭದ ಬಾಯಿಗೆ ಅಡ್ಡ ಕೂತಿದೆ, ಮಗು ಅಡ್ಡಡ್ಡ ಮಲಗಿದೆ, ಕಾಲು ಕೆಳಗಿದೆ, ಮೊದಲು ಎರಡು ಸಲ ಕುಯ್ದಿದೆ ಅಂದರೆ ಅದು ಕಾರಣ. ಮೊದಲೊಮ್ಮೆ ಸಿಸೇರಿಯನ್ ಆದವರಲ್ಲಿ ಕೆಲವರಿಗೆ ಎರಡನೆಯದು ಸಲೀಸಾಗಿ ಆಗುವ ಅವಕಾಶವೂ ಇದೆ. ಅದನ್ನು ದೊಡ್ಡ ಆಸ್ಪತ್ರೆಯಲ್ಲೇ ನೋಡಬೇಕು. ಹುಡುಗಿಗೆ ನೋವು ತಡೆಯಲಾಗದು, ಬೇಗ ಮುಗಿಸಿಬಿಡೋಣ ಎನ್ನುವುದು ನನ್ನ ಮಟ್ಟಿಗೆ ಕಾರಣವಲ್ಲ.

ಬೇಕೇ ಬೇಕು ಅಂತಾಯಿತು ಎಂದಿಟ್ಟುಕೊಳ್ಳಿ. ಆಗ ಈ ಹೆರಿಗೆಗೆ ಒಂದೇ ಒಂದು ಅನುಕೂಲ ಉಂಟು. ದಿನ ಮೊದಲೇ ಗೊತ್ತು. ನಡುರಾತ್ರಿ ನೋವು ಬಂದು ಓಡುವ ಪ್ರಸಂಗ ಕಡಿಮೆ, ಕೈಯಲ್ಲಿ ವಾರಗಟ್ಟಲೆ ಸಮಯ ಇದೆ. ಆ ಸಮಯವನ್ನು ನಾವು ಏನು ಮಾಡುತ್ತೇವೆ? ಅರ್ಧ ಜೋಯಿಸರ ಮನೆಗೆ ಕೊಡುತ್ತೇವೆ, ಇನ್ನರ್ಧ ಬ್ಯಾಗು ತುಂಬುವುದಕ್ಕೆ.

ಮೊದಲು ಜೋಯಿಸರ ವಿಷಯ. ಬಸುರಿಯ ಲೆಕ್ಕ ನಡೆಯುವುದು ವಾರಗಳಲ್ಲಿ. ಬೇರೆ ತೊಂದರೆ ಇಲ್ಲದಿದ್ದರೆ ಗೊತ್ತುಮಾಡಿದ ಸಿಸೇರಿಯನ್ನನ್ನು 39 ವಾರ ತುಂಬಿದ ಮೇಲೆ ಇಟ್ಟುಕೊಳ್ಳುವುದು ರೂಢಿ. ನೋವು ತಿಂದು ಹುಟ್ಟುವ ಮಗುವಿನ ಶ್ವಾಸಕೋಶದೊಳಗಿನ ನೀರು ಆ ನೋವಿನ ಹೊತ್ತಿನಲ್ಲೇ ಇಂಗಿ ಖಾಲಿಯಾಗುತ್ತಾ ಬರುತ್ತದೆ. ನೋವೇ ಇಲ್ಲದೆ, ಅದೂ 37ನೇ ವಾರಕ್ಕೇ ಹೊರಗೆ ತೆಗೆದರೆ ಕೆಲವು ಮಕ್ಕಳು ಹುಟ್ಟಿದ ಕೂಡಲೇ ಏದುಸಿರು ಬಿಡುತ್ತವೆ. ಆಮೇಲೆ ‘ಪೆಟ್ಟಿಗೆಯಲ್ಲಿ ಇಟ್ಟವರೆ’ ಎಂದು ನೀವು ಊರಿಗೆ ಫೋನು ಮಾಡುತ್ತೀರಿ. ತಾಯಿ ಒಂದು ಕಡೆ, ಮಗು ಒಂದು ಕಡೆ, ಎದೆಹಾಲು ಎಲ್ಲೋ. ಖಾಸಗಿ ಆಸ್ಪತ್ರೆಯಾದರೆ ಆ ಪೆಟ್ಟಿಗೆಯ ದಿನದ ಬಾಡಿಗೆ ಕೇಳಿಯೇ ಅಜ್ಜನಿಗೆ ಎದೆ ಹಿಡಿದುಕೊಳ್ಳುತ್ತದೆ. ಇಷ್ಟೆಲ್ಲ ಯಾಕಾಯಿತು? ಮುಂದಿನ ವಾರ ಅಮಾವಾಸ್ಯೆ ಬೀಳುತ್ತದೆ, ಆಮೇಲೆ ಮೂಲಾ ನಕ್ಷತ್ರ, ಅದಕ್ಕೆ ಹತ್ತು ದಿನ ಮುಂಚೆಯೇ ತೆಗೆಸಿಬಿಡೋಣ ಎಂದದ್ದಕ್ಕೆ. ಇದು ನಮ್ಮೂರಿನ ಹುಚ್ಚು ಮಾತ್ರ ಅಲ್ಲ ಬಿಡಿ. 2024ರ ಜನವರಿ 22ರಂದು, ಅಯೋಧ್ಯೆಯ ಪ್ರಾಣಪ್ರತಿಷ್ಠೆಯ ದಿನವೇ ಮಗು ಹುಟ್ಟಬೇಕು ಎಂದು ಉತ್ತರ ಪ್ರದೇಶದ ಆಸ್ಪತ್ರೆಗಳಲ್ಲಿ ಬಸುರಿಯರು ಆಪರೇಷನ್‌ಗೆ ಬೇಡಿಕೆ ಇಟ್ಟದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು.

ಒಳ್ಳೆಯ ದಿನ ನೋಡಲೇಬೇಡಿ ಎಂದು ನಾನು ಹೇಳುವುದಿಲ್ಲ. 39 ತುಂಬಿದ ಮೇಲೆ ಡಾಕ್ಟರು ‘ಸೋಮವಾರದಿಂದ ಗುರುವಾರದೊಳಗೆ’ ಅಂದರೆ, ಆ ನಾಲ್ಕರಲ್ಲಿ ನಿಮಗೆ ಹಿಡಿಸಿದ ದಿನ ಕೇಳಿ, ಯಾರಿಗೂ ನಷ್ಟವಿಲ್ಲ. ರಾತ್ರಿ ಎರಡೂವರೆಯ ಲಗ್ನ ಮಾತ್ರ ಬೇಡ. ಆ ಹೊತ್ತಿಗೆ ಅರಿವಳಿಕೆ ಡಾಕ್ಟರು ಮನೆಯಲ್ಲಿ ಮಲಗಿರುತ್ತಾರೆ, ರಕ್ತ ನಿಧಿಯಲ್ಲಿ ಒಬ್ಬನೇ ತೂಕಡಿಸುತ್ತಿರುತ್ತಾನೆ. ವಾರದ ಲೆಕ್ಕ ಸರಿಯಾಗಿರಬೇಕಾದರೆ ಮೂರನೇ ತಿಂಗಳೊಳಗೆ ಮಾಡಿಸಿದ ಮೊದಲ ಸ್ಕ್ಯಾನಿಂಗ್ ರಿಪೋರ್ಟ್ ಬೇಕು. ಅದನ್ನು ಬೀರುವಿನ ತಳಕ್ಕೆ ತುರುಕದೆ ತಾಯಿ ಕಾರ್ಡಿನ ಜೊತೆಗೇ ಇಡಿ. ಬಿಪಿ, ಸಕ್ಕರೆ, ಅವಳಿ, ಮಾಸು ಕೆಳಗೆ ಇಂಥ ಕಾರಣಕ್ಕೆ ಡಾಕ್ಟರೇ ಮುಂಚೆ ಮಾಡೋಣ ಅಂದರೆ ಆ ಮಾತು ಬೇರೆ, ಆಗ ತಡಮಾಡಬೇಡಿ.

ಈಗ ನಾನು ನಿಜವಾಗಿ ಹೇಳಬೇಕಾದ್ದಕ್ಕೆ ಬರುತ್ತೇನೆ. ರಕ್ತ. ಮೊದಲು ಹೇಳಿದ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಬಸುರಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತ ಕಡಿಮೆ. ತಾಯಿ ಕಾರ್ಡಿನಲ್ಲಿ ಎಚ್‌ಬಿ ಎಂದು ಬರೆದಿರುವ ಕಡೆ 11ಕ್ಕಿಂತ ಕಡಿಮೆ ಇದ್ದರೆ ಅದನ್ನೇ ರಕ್ತಹೀನತೆ ಅನ್ನುವುದು. ಸಿಸೇರಿಯನ್ನಿನಲ್ಲಿ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ರಕ್ತ ಹೋಗುವುದುಂಟು. 11 ಇರುವವಳು ಅದನ್ನು ತಡೆದುಕೊಳ್ಳುತ್ತಾಳೆ. ಎಂಟು ಇರುವವಳಿಗೆ ಅದೇ ರಕ್ತಸ್ರಾವ ಪ್ರಾಣಕ್ಕೆ ಬರುತ್ತದೆ. ಮತ್ತು ಎಂಟನ್ನು ಹನ್ನೊಂದು ಮಾಡುವುದು ಆಪರೇಷನ್ನಿನ ಹಿಂದಿನ ದಿನ ಆಗುವ ಕೆಲಸವಲ್ಲ. ಕಬ್ಬಿಣದ ಮಾತ್ರೆಗೆ ತಿಂಗಳುಗಳು ಬೇಕು. ಐರನ್ ಸುಕ್ರೋಸ್ ಡ್ರಿಪ್ ಹಾಕಿಸಿದರೂ ರಕ್ತ ಏರಲು ವಾರಗಳು ಬೇಕು. ಏಳನೇ ತಿಂಗಳಿನಲ್ಲೇ ಕಾರ್ಡು ತೆಗೆದು ನೋಡಬೇಕಾದ್ದು ಇದಕ್ಕೆ.

ಮಾತ್ರೆ ಕೊಡುವುದು ಸರ್ಕಾರ, ತಿನ್ನಿಸದೆ ಇರುವುದು ನಾವು. ಮಗು ಕಪ್ಪಗಾಗುತ್ತದೆ, ಮಗು ದಪ್ಪ ಬೆಳೆದು ಹೆರಿಗೆ ಕಷ್ಟವಾಗುತ್ತದೆ, ಮಲ ಕಪ್ಪಗೆ ಹೋಗುತ್ತಿದೆ ನಿಲ್ಲಿಸು… ಎಷ್ಟು ಮನೆಗಳ ಅಟ್ಟದ ಡಬ್ಬಿಯಲ್ಲಿ ಬಿಡಿಸದ ಆ ಕೆಂಪು ಮಾತ್ರೆಯ ಪಟ್ಟಿಗಳನ್ನು ನೋಡಿದ್ದೇನೋ! ಮಲ ಕಪ್ಪಗಾಗುವುದು ಕಬ್ಬಿಣದ ಗುಣ, ಅದರಿಂದ ಏನೂ ಆಗದು. ಮಾತ್ರೆಯನ್ನು ಕಾಫಿ, ಟೀ, ಹಾಲಿನ ಜೊತೆ ಕೊಡಬೇಡಿ. ಸುಣ್ಣದ ಮಾತ್ರೆಯ ಜೊತೆಗೂ ಬೇಡ, ಅದಕ್ಕೆ ಬೇರೆ ಹೊತ್ತು. ರಾತ್ರಿ ಊಟವಾದ ಮೇಲೆ ಒಂದು ಲೋಟ ನಿಂಬೆಹಣ್ಣಿನ ಪಾನಕದ ಜೊತೆ ಕೊಟ್ಟರೆ ಮೈಗೆ ಹತ್ತುತ್ತದೆ. ರಾಗಿ ಮುದ್ದೆ, ಸೊಪ್ಪಿನ ಸಾರು, ಹುರುಳಿ, ಮೊಟ್ಟೆ ಎಲ್ಲವೂ ಇರಲಿ. ಆದರೆ ಎಂಟಕ್ಕೆ ಇಳಿದ ರಕ್ತವನ್ನು ಸೊಪ್ಪಿನ ಸಾರೊಂದೇ ಮೇಲೆತ್ತುತ್ತದೆ ಎಂದು ಕೂರಬೇಡಿ.

ಹಾಡಿಗಳ ತಾಯಂದಿರಿಗೆ ಒಂದು ಮಾತು ಬೇರೆಯಾಗಿ. ಎಚ್.ಡಿ. ಕೋಟೆ, ಹುಣಸೂರು ಕಾಡಂಚಿನ ಜೇನುಕುರುಬ ಮತ್ತಿತರ ಸಮುದಾಯಗಳಲ್ಲಿ ಸಿಕಲ್ ಸೆಲ್ ಎನ್ನುವ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇದೆ. ಅದಕ್ಕೆಂದೇ ಕೇಂದ್ರ ಸರ್ಕಾರ 2023ರಲ್ಲಿ ರಾಷ್ಟ್ರೀಯ ಯೋಜನೆ ಶುರುಮಾಡಿತು. ಇದಿರುವ ಹುಡುಗಿಗೆ ಆಪರೇಷನ್ ಹೊತ್ತಿನಲ್ಲಿ ಮೈ ತಣ್ಣಗಾದರೆ, ನೀರು ಕಡಿಮೆಯಾದರೆ, ಉಸಿರು ಕಡಿಮೆಯಾದರೆ ಅಪಾಯ. ಪರೀಕ್ಷೆ ಮಾಡಿಸಿ ಕಾರ್ಡ್ ಕೊಟ್ಟಿದ್ದರೆ ಅದನ್ನು ಅರಿವಳಿಕೆ ಡಾಕ್ಟರ ಕೈಗೇ ಕೊಡಿ. ‘ನಂಗೇನೂ ಇಲ್ಲ’ ಎಂದು ಹುಡುಗಿ ನಾಚಿಕೊಂಡರೂ ನೀವು ಬಾಯಿಬಿಡಿ.

ರಕ್ತ ಕೊಡುವವರನ್ನು ಹುಡುಕುವ ಕೆಲಸವೂ ಮೊದಲೇ ಆಗಬೇಕು. ಮೈಸೂರಿನ ವಾರ್ಡುಗಳ ಹೊರಗೆ ನಡೆಯುವ ಮಾತುಕತೆ ಯಾರಿಗೆ ಗೊತ್ತಿಲ್ಲ! ಐದು ಜನ ಗಂಡಸರು ನಿಂತಿರುತ್ತಾರೆ. ಒಂದು ಯೂನಿಟ್ ಬದಲಿಗೆ ಕೊಡಿ ಅಂದರೆ ಒಬ್ಬೊಬ್ಬರಾಗಿ ಟೀ ಅಂಗಡಿಯ ಕಡೆ ಜಾರುತ್ತಾರೆ. ‘ಅವ್ನು ಗೇಯೋನು, ರಕ್ತ ಕೊಟ್ರೆ ಸುಸ್ತಾಗೋಯ್ತಾನೆ’ ಎಂದು ಮಗನನ್ನು ಸೆರಗಿನ ಹಿಂದೆ ಇಟ್ಟುಕೊಳ್ಳುವವರು, ಸಿಟ್ಟಾಗಬೇಡಿ, ನಾವೇ. ಹದಿನೆಂಟು ದಾಟಿದ, 45 ಕೆಜಿ ಮೇಲಿರುವ, ಎಚ್‌ಬಿ 12.5 ಇರುವ ಗಂಡಸು ಮೂರು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ತೆಗೆಯುವುದು ಸುಮಾರು 350 ಎಂಎಲ್. ಊಟ ಮಾಡಿ, ನೀರು ಕುಡಿದು ಕೂತರೆ ಅವತ್ತೇ ಮನೆಗೆ ಬರುತ್ತಾನೆ. ಇಬ್ಬರ ಹೆಸರು, ಗುಂಪು, ಫೋನ್ ನಂಬರ್ ತಾಯಿ ಕಾರ್ಡಿನ ಹಿಂದೆ ಬರೆದಿಡಿ. ಹುಡುಗಿಯದು ನೆಗೆಟಿವ್ ಗುಂಪಾಗಿದ್ದು ಮಗುವಿನದು ಪಾಸಿಟಿವ್ ಆದರೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಬೀಳಬೇಕು. ಇದನ್ನು ಹೆರಿಗೆಗೆ ಮುಂಚೆಯೇ ಸಿಸ್ಟರ್‌ಗೆ ನೆನಪಿಸಿ.

ಇನ್ನು ದಾರಿ. ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಬೇಕಾದರೆ ಹೆರಿಗೆ ಡಾಕ್ಟರು, ಅರಿವಳಿಕೆ ಡಾಕ್ಟರು, ಮಕ್ಕಳ ಡಾಕ್ಟರು ಮೂವರೂ ಅವತ್ತು ಇರಬೇಕು. ಒಬ್ಬರು ರಜೆ ಹಾಕಿದರೂ ಚೀಟಿ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ. ಹುಣಸೂರಿನಿಂದ ಮೈಸೂರು ಸುಮಾರು 45 ಕಿಲೋಮೀಟರ್, ಪಿರಿಯಾಪಟ್ಟಣದಿಂದ 70ರ ಹತ್ತಿರ. ಆದ್ದರಿಂದ ದಿನ ಗೊತ್ತುಮಾಡುವಾಗಲೇ ಮೂವರೂ ಇರುತ್ತಾರಾ ಎಂದು ಕೇಳಿ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ಇರುತ್ತದೆ. 2016ರಿಂದ ನಡೆದು ಬಂದಿರುವ ಪದ್ಧತಿ. ಈ ಪ್ರಶ್ನೆ ಕೇಳಲು ಅದೇ ಒಳ್ಳೆಯ ದಿನ.

ದಿನ ಗೊತ್ತಿದೆ ಎಂದ ಮಾತ್ರಕ್ಕೆ ನೋವು ಆ ದಿನದವರೆಗೆ ಕಾಯುತ್ತದೆ ಎಂದೇನೂ ಇಲ್ಲ. ಬುಧವಾರಕ್ಕೆ ಇಟ್ಟಿದ್ದರೆ ಭಾನುವಾರ ರಾತ್ರಿಯೇ ನೀರು ಒಡೆಯಬಹುದು. ಮೊದಲೊಮ್ಮೆ ಕುಯ್ದ ಹೊಟ್ಟೆಯಾದರೆ ನೋವಿನ ಬಿಗಿಗೆ ಹಳೆಯ ಹೊಲಿಗೆಯ ಜಾಗ ಬಿಡುವ ಭಯವಿದೆ. ಮಾಸು ಕೆಳಗಿದ್ದರೆ ನೋವೇ ಇಲ್ಲದೆ ರಕ್ತ ಸುರಿಯಬಹುದು. ಆಗ ‘ಬೆಳಗಾಗಲಿ’ ಎನ್ನುವುದಾಗಲಿ, ಪಕ್ಕದೂರಿನ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್ ಹಾಕಿಸುವುದಾಗಲಿ ಕೂಡದು. 108ಕ್ಕೆ ಫೋನ್ ಮಾಡಿ, ಆಪರೇಷನ್ ಆಗುವ ಆಸ್ಪತ್ರೆಗೇ ನೇರ ಹೋಗಿ. ಡಿ.ಬಿ. ಕುಪ್ಪೆ, ಬಳ್ಳೆ ಕಡೆಯವರಿಗೆ ಇದೂ ಸಾಲದು. ನಾಗರಹೊಳೆಯೊಳಗಿನ ಮಾನಂದವಾಡಿ ರಸ್ತೆಯಲ್ಲಿ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ವಾಹನ ಬಿಡುವುದಿಲ್ಲ. ಆಂಬುಲೆನ್ಸ್‌ಗೆ ಗೇಟು ತೆಗೆದರೂ ನಡುದಾರಿಯಲ್ಲಿ ಆನೆ ನಿಂತಿದ್ದರೆ ಕಾಯಲೇಬೇಕು. ಅಲ್ಲಿಯವರು ಹತ್ತು ದಿನ ಮುಂಚೆಯೇ ಕೋಟೆಯಲ್ಲೋ ಸರಗೂರಿನಲ್ಲೋ ಮೈಸೂರಿನಲ್ಲೋ ನೆಂಟರ ಮನೆ ಸೇರಿಕೊಳ್ಳುವುದು ಕ್ಷೇಮ.

ಋತುವಿನ ವಿಷಯ ಯಾವ ಡಾಕ್ಟರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ನಮ್ಮ ಕಡೆ ಆಗಸ್ಟ್, ಸೆಪ್ಟೆಂಬರ್ ಎಂದರೆ ಹೊಗೆಸೊಪ್ಪು. ಬ್ಯಾರನ್ನಿಗೆ ಸೊಪ್ಪು ಏರಿಸಿದ ಮನೆಯಲ್ಲಿ ರಾತ್ರಿಯಿಡೀ ಬೆಂಕಿ ಕಾಯಬೇಕು, ಹಗಲು ಮುರಿದ ಸೊಪ್ಪನ್ನು ಕಡ್ಡಿಗೆ ಕಟ್ಟಬೇಕು. ಮನೆಯ ಹತ್ತು ಕೈಯೂ ಅಲ್ಲೇ. ಬಸುರಿಯೂ ಕೂತಲ್ಲೇ ಕಟ್ಟುತ್ತಾಳೆ, ‘ಕೂತ್ಕೊಂಡ್ ಮಾಡೋ ಕೆಲ್ಸ ತಾನೇ’ ಎಂದು. ಒದ್ದೆ ಸೊಪ್ಪಿನ ನಿಕೋಟಿನ್ ಚರ್ಮದಿಂದ ಮೈಗೆ ಇಳಿಯುತ್ತದೆ. ತಲೆಸುತ್ತು, ವಾಂತಿ ಬರುವುದು ಅದರಿಂದಲೇ. ಅವಳನ್ನು ಆ ಕೆಲಸದಿಂದ ಎಬ್ಬಿಸಿ. ಆಪರೇಷನ್ ಆ ತಿಂಗಳುಗಳಲ್ಲಿ ಬೀಳುವುದಾದರೆ ಬಾಣಂತಿಯ ಹತ್ತಿರ ಇರುವವರು ಯಾರು ಎಂದು ಈಗಲೇ ಹೆಸರು ಹಿಡಿದು ಗೊತ್ತುಮಾಡಿ. ಬೇಯಿಸಿದ ಸೊಪ್ಪನ್ನು ಒಟ್ಟಿ ಗ್ರೇಡ್ ಮಾಡುವ ಕೋಣೆಯಲ್ಲೇ ಬಾಣಂತಿಯ ಮಂಚ ಹಾಕುವುದೂ ಬೇಡ. ಕೆ.ಆರ್. ನಗರದ ಗದ್ದೆ ಬಯಲಿನವರಿಗೆ ನಾಲೆ ನೀರು ಬಿಟ್ಟು ನಾಟಿ ಶುರುವಾದಾಗ ಇದೇ ಪಾಡು. ತವರಿಗೆ ಕಳಿಸಿದರೂ ತವರಿನಲ್ಲೂ ನಾಟಿಯೇ!

ಆಪರೇಷನ್ ದಿನದ ಬಗ್ಗೆ ಬಹಳ ಹೇಳುವುದಿಲ್ಲ. ಊಟ ಮಾಡಿ ಕನಿಷ್ಠ ಆರು ಗಂಟೆ ಕಳೆದಿರಬೇಕು, ನೀರಾದರೆ ಎರಡು ಗಂಟೆ. ಆಸ್ಪತ್ರೆಯವರು ಹೇಳಿದ ಹೊತ್ತನ್ನೇ ಪಾಲಿಸಿ. ಹಸಿದಿದ್ದಾಳೆ ಪಾಪ ಎಂದು ಸೆರಗಿನಡಿ ಕಾಫಿ ಲೋಟ ತರುವ ಪ್ರೀತಿ ಅವತ್ತು ಬೇಡ. ಮೇಜಿನ ಮೇಲೆ ವಾಂತಿಯಾಗಿ ಶ್ವಾಸಕೋಶಕ್ಕೆ ಹೋದರೆ ಉಸಿರಿಗೇ ಸಂಚಕಾರ. ಬಳೆ, ಓಲೆ, ಉಗುರುಬಣ್ಣ ತೆಗೆಸಿ. ಬೆನ್ನಿಗೆ ಕೊಡುವ ಇಂಜೆಕ್ಷನ್‌ಗೆ ಎದೆಯಿಂದ ಕೆಳಗೆ ಮರಗಟ್ಟುತ್ತದೆ, ಹುಡುಗಿಗೆ ಎಚ್ಚರ ಇರುತ್ತದೆ, ಎಳೆದಾಡಿದಂತೆ ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ. ಇಷ್ಟನ್ನು ಅವಳಿಗೆ ಮೊದಲೇ ಹೇಳಿದ್ದರೆ ಅರ್ಧ ಹೆದರಿಕೆ ಇಳಿಯುತ್ತದೆ. ‘ಆ ಇಂಜೆಕ್ಷನ್ನಿಂದ ಜನ್ಮಪೂರ್ತಿ ಸೊಂಟನೋವು’ ಎನ್ನುವ ಪುರಾಣವನ್ನು ಥಿಯೇಟರಿಗೆ ಹೋಗುವ ದಿನ ಮಾತ್ರ ಬಿಚ್ಚಬೇಡಿ. ಹೆರಿಗೆಯ ಸೊಂಟನೋವು ಆಪರೇಷನ್ ಆಗದವರಿಗೂ ಬರುತ್ತದೆ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡ ಮೇಲೆ ನಮ್ಮ ಹೆಣ್ಣುಮಕ್ಕಳು ಗ್ಲೂಕೋಸ್ ಬಾಟಲಿ ಕಂಡರೂ ಬೆಚ್ಚುತ್ತಿದ್ದಾರೆ. ಅವರಿಗೆ ಕೊಟ್ಟಿದ್ದ ದ್ರಾವಣದ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆ ನಿಲ್ಲಿಸಿತು. ಹೆದರಿಕೆ ಸುಳ್ಳಲ್ಲ. ಆದರೆ ಅದಕ್ಕೆ ಉತ್ತರ ಆಸ್ಪತ್ರೆ ಬಿಟ್ಟು ಓಡುವುದಲ್ಲ, ಮೊದಲ ಎರಡು ದಿನ ಹಗಲೂ ರಾತ್ರಿ ಕಣ್ಣಿಟ್ಟಿರುವುದು. ಮೂತ್ರದ ಚೀಲ ತುಂಬುತ್ತಾ ಬರುತ್ತಿದೆಯೇ? ಬಟ್ಟೆ ಒಂದು ಗಂಟೆಯೊಳಗೆ ತೊಯ್ದು ಹೋಗುತ್ತಿದೆಯೇ? ಹುಡುಗಿ ಬೆವರಿ ಮಂಕಾಗುತ್ತಿದ್ದಾಳೆಯೇ, ಏದುಸಿರು ಬಿಡುತ್ತಿದ್ದಾಳೆಯೇ? ಕಂಡ ಕೂಡಲೇ ಸಿಸ್ಟರನ್ನು ಎಬ್ಬಿಸಿ. ಬಯ್ದರೆ ಬಯ್ಯಿಸಿಕೊಳ್ಳಿ.

ಮಗು ಬಂದ ಮೊದಲ ಗಂಟೆಯಲ್ಲೇ ಮೊಲೆಗೆ ಹಿಡಿಸುವುದಕ್ಕೆ ಒಬ್ಬರು ಗಟ್ಟಿಗರು ಬೇಕು. ತಾಯಿ ಮಲಗಿದ್ದಂತೆಯೇ ಮಗುವನ್ನು ಎದೆಯ ಮೇಲೆ ಅಡ್ಡ ಹಿಡಿಯಬೇಕು. ಆಪರೇಷನ್ ಆದವಳಿಗೆ ಮೂರು ದಿನ ಹಾಲಿರುವುದಿಲ್ಲ ಎಂದು ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸಬೇಡಿ. ಮೊದಲು ಬರುವ ನಾಲ್ಕು ಹನಿ ಹಳದಿ ಹಾಲೇ ಮಗುವಿಗೆ ಸಾಕು.

ಹಾಗೆಯೇ ಎಬ್ಬಿಸಿ ನಡೆಸುವುದು. ಮಾರನೆಯ ದಿನವೇ ನಡೆಸಿ ಎನ್ನುತ್ತಾರೆ ಸಿಸ್ಟರ್, ‘ಹೊಲಿಗೆ ಬಿಟ್ಕೊಂಡದು’ ಎನ್ನುತ್ತೀರಿ ನೀವು. ಮಲಗೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಎಬ್ಬಿಸುವ ಬಗೆ ಇದೆ: ನೇರ ಎದ್ದು ಕೂರಿಸಬಾರದು. ಮೊದಲು ಪೂರ್ತಿ ಪಕ್ಕಕ್ಕೆ ಹೊರಳಲಿ. ಕಾಲೆರಡೂ ಮಂಚದಿಂದ ಕೆಳಗಿಳಿಯಲಿ. ಆಮೇಲೆ ಕೆಳಗಿನ ಮೊಣಕೈ ಊರಿ, ಮೇಲಿನ ಅಂಗೈಯಿಂದ ಹಾಸಿಗೆ ಒತ್ತಿ ಏಳಲಿ. ಒಂದೆರಡು ನಿಮಿಷ ಹಾಗೇ ಕೂತು ತಲೆಸುತ್ತು ಇಳಿದ ಮೇಲೆ ನಿಲ್ಲಲಿ. ಕೆಮ್ಮು ಬಂದರೆ, ನಗು ಬಂದರೂ, ಒಂದು ಸಣ್ಣ ದಿಂಬನ್ನು ಹೊಟ್ಟೆಗೆ ಅವುಚಿಕೊಳ್ಳಲಿ. ನಿಮ್ಮ ಬ್ಯಾಗಿನಲ್ಲಿ ಹತ್ತು ಜೊತೆ ಮಗುವಿನ ಟೋಪಿ ಇರುತ್ತದೆ, ಆ ಒಂದು ದಿಂಬು ಇರುವುದಿಲ್ಲ.

ಮನೆಗೆ ಬಂದ ಮೇಲೆ ನಿಮ್ಮ ರಾಜ್ಯ. ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಕೊಬ್ಬರಿ-ಅಂಟಿನ ಉಂಡೆ ಯಾವುದಕ್ಕೂ ನನ್ನ ತಕರಾರಿಲ್ಲ, ನಾನೂ ಮಾಡಿಕೊಟ್ಟಿದ್ದೇನೆ. ನನ್ನ ಜಗಳ ನೀರಿನ ಬಗ್ಗೆ. ‘ನೀರು ಕುಡುದ್ರೆ ಹೊಟ್ಟೆ ಬಂದ್ಬುಡ್ತದೆ, ಹೊಲಿಗೆ ಕೀವಾಯ್ತದೆ’ ಎಂದು ದಿನಕ್ಕೆ ಎರಡು ಲೋಟ ಅಳೆದು ಕೊಡುತ್ತೀರಲ್ಲ, ಆ ಬಗ್ಗೆ. ಹೆರಿಗೆಯಾದ ಹೊಸದರಲ್ಲಿ ಹೆಂಗಸಿನ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚು. ಅದರ ಮೇಲೆ ನೀರೂ ಕಡಿಮೆಯಾಗಿ, ಮೈಯಲ್ಲಿ ರಕ್ತವೂ ಕಡಿಮೆ ಇದ್ದರೆ ಮೆದುಳಿನ ರಕ್ತನಾಳದಲ್ಲೇ ಗಡ್ಡೆ ಕಟ್ಟಬಹುದು. ತಡೆಯಲಾಗದ ತಲೆನೋವು, ವಾಂತಿ, ಫಿಟ್ಸ್, ಒಂದು ಕೈ ಬಿದ್ದುಹೋಗುವುದು ಎಲ್ಲ ಅದರಿಂದ. ಹಿಂದೆ ಇದಕ್ಕೆ ‘ಬಾಣಂತಿ ಸನ್ನಿ’, ಗಾಳಿ ಸೋಕು ಎಂದು ಬೇವಿನ ಸೊಪ್ಪು ಕಟ್ಟಿ ಕೂರುತ್ತಿದ್ದರು. ಕಾಯಿಸಿ ಆರಿಸಿದ ನೀರು, ಅವಳಿಗೆ ಬಾಯಾರಿದಷ್ಟೂ ಕೊಡಿ. ಎದೆಹಾಲು ಮತ್ತೆಲ್ಲಿಂದ ಬರಬೇಕು?

ಕುದಿಯುವ ನೀರನ್ನು ಹಂಡೆಗಟ್ಟಲೆ ಹೊಟ್ಟೆಯ ಮೇಲೆ ಹುಯ್ಯುವುದು, ಗಾಯದ ಮೇಲೆ ಎಣ್ಣೆ, ಅರಿಸಿನ, ಬೂದಿ ಸವರುವುದು, ಹೊಲಿಗೆ ಒಣಗುವ ಮೊದಲೇ ಸೀರೆಯಿಂದ ಬಿಗಿಯುವುದು, ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಕೊಡುವುದು ಇವಿಷ್ಟು ಬಿಡಿ. ಗಾಯ ಒಣಗಿರಲಿ, ಗಾಳಿಯಾಡಲಿ. ಆರು ವಾರ ಮಗುವಿಗಿಂತ ಭಾರದ್ದೇನನ್ನೂ ಅವಳು ಎತ್ತಬಾರದು. ಜ್ವರ, ಗಾಯದಿಂದ ಕೀವು, ಕೆಟ್ಟ ವಾಸನೆಯ ಸ್ರಾವ, ಒಂದೇ ಕಾಲು ಊದಿ ನೋಯುವುದು ಕಂಡರೆ ಕಂಕುಳಲ್ಲಿ ಮಗು ಎತ್ತಿಕೊಂಡು ಅವತ್ತೇ ಆಸ್ಪತ್ರೆಗೆ.

ಹಣದ ಮಾತು ಬೇಗ ಮುಗಿಸುತ್ತೇನೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ, ಏಳು ದಿನದ ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. ಮನೆಗೆ ಬಿಡಲು ನಗು-ಮಗು ವಾಹನ ಇದೆ, ಕೇಳಿ. ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಎಂದು ಬಾಗಿಲಲ್ಲಿ ಕೈಯೊಡ್ಡುವವರಿಗೆ ಕೊಡಬೇಡಿ, 104ಕ್ಕೆ ದೂರು ಹೇಳಿ. ತಾಯಿ ಕಾರ್ಡ್, ಆಧಾರ್, ಪಡಿತರ ಚೀಟಿ, ಅವಳದೇ ಹೆಸರಿನ ಪಾಸ್‌ಬುಕ್ಕು ಒಂದೇ ಕವರಿನಲ್ಲಿರಲಿ.

ಕೊನೆಯದು, ನೀವು ನನ್ನ ಮೇಲೆ ಮುನಿಸಿಕೊಳ್ಳುವ ವಿಷಯ. ಎರಡನೇ ಸಿಸೇರಿಯನ್ ಎಂದರೆ ‘ಹೆಂಗೂ ಹೊಟ್ಟೆ ಕುಯ್ತಾರೆ, ಮಕ್ಕಳಾಗದ ಆಪರೇಷನ್ನೂ ಮಾಡಿಸ್ಬುಡಿ’ ಎಂದು ನೀವು ಹೇಳಿಬಿಡುತ್ತೀರಿ. ಇಲ್ಲವೇ ಎರಡೂ ಹೆಣ್ಣಾದರೆ ‘ಈಗ್ಲೇ ಬೇಡ, ಇನ್ನೊಂದ್ ನೋಡಾನ’ ಎನ್ನುತ್ತೀರಿ. ಮೂರನೇ ಸಲ ಕುಯ್ಯುವಾಗ ಅಪಾಯ ಹೆಚ್ಚು ಎನ್ನುವುದು ಆಗ ನೆನಪಿಗೆ ಬರುವುದಿಲ್ಲ. ಎರಡೂ ಸಲ ಕೇಳದೆ ಉಳಿಯುವುದು ಅವಳನ್ನು. ಮಕ್ಕಳಾಗದ ಆಪರೇಷನ್‌ಗೆ ಅವಳ ಸಹಿ ಸಾಕು. ಗಂಡನ ಒಪ್ಪಿಗೆ ಬೇಕೇ ಬೇಕು ಎಂದು ಸರ್ಕಾರದ ನಿಯಮ ಹೇಳುವುದಿಲ್ಲ, ಅತ್ತೆಯದಂತೂ ಇಲ್ಲವೇ ಇಲ್ಲ. ಅಂತರ ಸಾಕು ಎನ್ನುವವಳಿಗೆ ಸಿಸೇರಿಯನ್ ಹೊತ್ತಿನಲ್ಲೇ ಕಾಪರ್-ಟಿ ಹಾಕುತ್ತಾರೆ. ಮಕ್ಕಳು ಸಾಕು ಎನ್ನುವ ಗಂಡನಿಗೆ ಹೊಲಿಗೆಯಿಲ್ಲದ ವ್ಯಾಸೆಕ್ಟಮಿ ಇದೆ, ಅದೇ ದಿನ ಮನೆಗೆ ಬರುತ್ತಾನೆ. ಎಂಟನೇ ತಿಂಗಳ ಒಂದು ಸಂಜೆ ಅವರಿಬ್ಬರನ್ನೇ ಕೂರಿಸಿ ಮಾತಾಡಲು ಬಿಡಿ, ನೀವು ಹೊರಗೆ ಜಗಲಿಯಲ್ಲಿರಿ. ತೀರ್ಮಾನವಾದದ್ದನ್ನು ಮುಂದಿನ ತಪಾಸಣೆಯಲ್ಲಿ ಅವಳೇ ಡಾಕ್ಟರಿಗೆ ಹೇಳಲಿ. ಥಿಯೇಟರ್ ಬಾಗಿಲಲ್ಲಿ, ಸ್ಟ್ರೆಚರ್ ಮೇಲೆ ಮಲಗಿದವಳ ಕೈಗೆ ಪೆನ್ನು ಕೊಟ್ಟು ಕೇಳುವ ಮಾತಲ್ಲ ಅದು.

ಇಂತಿ,
ನಿಮ್ಮಂಥವಳೇ ಒಬ್ಬ ಅತ್ತೆ, ನಿವೃತ್ತ ನರ್ಸಮ್ಮ
ಹುಣಸೂರು